ದೀಪ ಹಾಕಿದಾಗ ಕಾಣುವ ಕೆರ್ಗೆಲೆನ್: ತುಮಕೂರಿನಲ್ಲಿ ಕೊಂಡ ಒಂದು ಗ್ಲೋಬ್

ತುಮಕೂರಿನ ಬಿ.ಎಚ್. ರಸ್ತೆಯ ಸ್ಟೇಷನರಿ ಅಂಗಡಿಯೊಂದರಲ್ಲಿ ಕಳೆದ ಜೂನ್ ತಿಂಗಳು, ಶಾಲೆ ಶುರುವಾದ ಮೊದಲ ವಾರದಲ್ಲಿ, ನಮ್ಮ ಪ್ರೌಢಶಾಲೆಗೆಂದು ಒಳಗೆ ದೀಪವಿರುವ ಗ್ಲೋಬೊಂದನ್ನು ಕೊಂಡೆವು. ವ್ಯಾಸ 30 ಸೆಂ.ಮೀ., ಬೆಲೆ ಮೂರು ಸಾವಿರಕ್ಕೆ ಸ್ವಲ್ಪ ಮೇಲೆ. ಹಣ ಕೊಟ್ಟವರು ಹಳೆಯ ವಿದ್ಯಾರ್ಥಿಗಳು. ಆರಿಸಿ ತರುವ ಹೊಣೆ ಸಮಾಜ ವಿಜ್ಞಾನ ಕಲಿಸುವ ನನ್ನ ಪಾಲಿಗೆ ಬಂತು. ಸ್ವಿಚ್ ಹಾಕದೆ ನೋಡಿದರೆ ಇದು ದೇಶಗಳ ಗಡಿ, ರಾಜಧಾನಿ, ಬಗೆಬಗೆಯ ಬಣ್ಣಗಳಿರುವ ರಾಜಕೀಯ ಭೂಪಟ. ಸ್ವಿಚ್ ಹಾಕಿದೊಡನೆ, ಒಳಪದರದಲ್ಲಿ ಅಚ್ಚಾಗಿರುವ ಇನ್ನೊಂದು ಭೂಪಟ ಬೆಳಕಿಗೆ ಮೂಡಿ, ಬೆಟ್ಟ, ಬಯಲು, ಮರುಭೂಮಿಗಳ ಜೊತೆಗೆ ಸಾಗರದ ತಳದ ಏರುತಗ್ಗುಗಳೂ ಕಾಣುತ್ತವೆ. ಆರು ತಿಂಗಳು ತರಗತಿಯಲ್ಲಿ ದಿನವೂ ಬಳಸಿದ ಮೇಲೆ ಇದರ ಗುಣದೋಷಗಳನ್ನು ಬರೆಯುತ್ತಿದ್ದೇನೆ. ನಮ್ಮ ಜಿಲ್ಲೆಯ ಬೇರೆ ಶಾಲೆಗಳವರೂ, ಮನೆಯಲ್ಲಿ ಮಕ್ಕಳಿರುವವರೂ ಇಂಥದ್ದನ್ನು ಕೊಳ್ಳುವ ಯೋಚನೆಯಲ್ಲಿದ್ದರೆ ಉಪಯೋಗವಾದೀತು.

ಗ್ಲೋಬ್ ಆರಿಸುವಾಗ ನನ್ನದೊಂದು ಹಳೆಯ ಪದ್ಧತಿಯಿದೆ. ಭಾರತವನ್ನು ನೋಡಿ ಗ್ಲೋಬಿನ ಗುಣ ಅಳೆಯಲು ಹೋದರೆ ಹೆಚ್ಚೇನೂ ತಿಳಿಯುವುದಿಲ್ಲ; ಸರಕು ಮಾರಾಟವಾಗಬೇಕಾದ ದೇಶದ ಚಿತ್ರವನ್ನು ಎಲ್ಲ ತಯಾರಕರೂ ಎಚ್ಚರದಿಂದಲೇ ಅಚ್ಚು ಹಾಕಿಸುತ್ತಾರೆ. ಕೊಳ್ಳುವವರ ಕಣ್ಣು ಬೀಳದ ಮೂಲೆಯನ್ನು ಅವರು ಹೇಗೆ ನಡೆಸಿಕೊಂಡಿದ್ದಾರೆ ಎಂದು ನೋಡಿದರೆ ಕೆಲಸದ ಶ್ರದ್ಧೆ ಗೊತ್ತಾಗುತ್ತದೆ. ಆದ್ದರಿಂದ ಯಾವ ಗ್ಲೋಬ್ ಕೈಗೆ ಬಂದರೂ ನಾನು ಹಿಂದೂ ಮಹಾಸಾಗರದಲ್ಲಿ ಬೆರಳಿಟ್ಟು ಕೆಳಗಿಳಿದು, ದಕ್ಷಿಣ ಅಕ್ಷಾಂಶ 49 ಡಿಗ್ರಿ ಮತ್ತು ಪೂರ್ವ ರೇಖಾಂಶ 70 ಡಿಗ್ರಿ ಕೂಡುವ ಕಡೆ ನಿಲ್ಲುತ್ತೇನೆ. ಅಲ್ಲಿ ಕೆರ್ಗೆಲೆನ್ ದ್ವೀಪಸಮೂಹವಿದೆ. ಅದರ ಮುಖ್ಯ ದ್ವೀಪ ಗ್ರಾಂದ್ ತೆರ್ ಪೂರ್ವದಿಂದ ಪಶ್ಚಿಮಕ್ಕೆ ಸುಮಾರು 150 ಕಿ.ಮೀ., ಉತ್ತರದಿಂದ ದಕ್ಷಿಣಕ್ಕೆ 120 ಕಿ.ಮೀ. ಈ ಅಳತೆಯ ಗ್ಲೋಬಿನಲ್ಲಿ ಒಂದು ಮಿಲಿಮೀಟರ್ ಎಂದರೆ 42 ಕಿ.ಮೀ. ಆಗುವುದರಿಂದ, ಆ ದ್ವೀಪ ಇಲ್ಲಿ ಒಂದು ಹೆಸರುಕಾಳಿಗಿಂತಲೂ ಚಿಕ್ಕದು. ಅಷ್ಟು ಜಾಗದಲ್ಲಿ ಅದರ ಹರಕು ಹರಕಾದ ಕರಾವಳಿಯನ್ನು ತೋರಿಸಿದ್ದಾರೆಯೋ, ಒಂದು ಚುಕ್ಕೆ ಇಟ್ಟು ಕೈ ತೊಳೆದುಕೊಂಡಿದ್ದಾರೆಯೋ ಎಂಬುದೇ ನನ್ನ ಪರೀಕ್ಷೆ.

ಅಂಗಡಿಯವರು ಮೂರು ಗ್ಲೋಬುಗಳನ್ನು ಕೆಳಗಿಳಿಸಿ ಕೊಟ್ಟರು. ಒಂದರಲ್ಲಿ ದ್ವೀಪವೇ ಇರಲಿಲ್ಲ. ಇನ್ನೊಂದರಲ್ಲಿ ದುಂಡನೆಯ ಚುಕ್ಕೆ ಇತ್ತು. ಮೂರನೆಯದರಲ್ಲಿ, ಭೂತಗನ್ನಡಿ ಹಿಡಿದು ನೋಡಿದಾಗ, ಪೂರ್ವದ ಕೂರ್ಬೆ ಪರ್ಯಾಯ ದ್ವೀಪ ದುಂಡಗೆ ಹೊರಚಾಚಿದ್ದೂ ಅದರ ಕೆಳಗೆ ಕೊಲ್ಲಿ ಒಳನುಗ್ಗಿದ್ದೂ ಕಂಡಿತು. “ಮೇಷ್ಟ್ರೇ, ಎಲ್ಲರೂ ಇಂಡಿಯಾ ನೋಡ್ತಾರೆ, ನೀವೇನು ಬುಡದಲ್ಲಿ ಹುಡುಕ್ತಾ ಇದೀರಿ?” ಎಂದು ಅಂಗಡಿಯ ಯಜಮಾನರು ಕೇಳಿದರು. ಹೇಳಿದೆ. ಅವರು ತಾವೂ ಭೂತಗನ್ನಡಿ ತೆಗೆದುಕೊಂಡು ಸಾಕಷ್ಟು ಹೊತ್ತು ನೋಡಿ, ಪ್ಲಗ್ ಸಿಕ್ಕಿಸಿ ದೀಪ ಹಾಕಿಯೂ ತೋರಿಸಿದರು. ಗಿರಾಕಿಗೆ ಇಷ್ಟು ಸಮಯ ಕೊಡುವ ಅಂಗಡಿಗಳು ನಮ್ಮೂರಿನಲ್ಲಿ ಇನ್ನೂ ಉಳಿದಿವೆ ಎಂಬುದು ನನಗೆ ಸಂತೋಷದ ವಿಷಯ.

ಮೊದಲು ದೀಪವಿಲ್ಲದ ಮುಖದ ಬಗ್ಗೆ. ಬಣ್ಣಗಳು ಕಣ್ಣಿಗೆ ಹಿತವಾಗಿವೆ, ಅಕ್ಷರಗಳು ಮೊದಲ ಬೆಂಚಿನಿಂದ ಓದಲು ಬರುತ್ತವೆ, ಅಕ್ಷಾಂಶ ರೇಖಾಂಶಗಳು ಹತ್ತು ಹತ್ತು ಡಿಗ್ರಿಗೆ ಒಂದರಂತೆ ತೆಳುವಾಗಿ ಎಳೆದಿವೆ. ರೇಖಾಂಶದ ಗೆರೆಗಳು ಹೀಗೆ ಸ್ಪಷ್ಟವಾಗಿರುವುದರಿಂದ ಒಂದು ಪಾಠ ತಾನಾಗಿ ಹುಟ್ಟಿತು. ಗುಜರಾತಿನ ಸೋಮನಾಥ ದೇವಾಲಯದ ಬಾಣಸ್ತಂಭದ ಮೇಲಿನ ಬರಹದ ವಿಷಯ ಈಗ ಎಲ್ಲರ ಮೊಬೈಲಿಗೂ ಬಂದಿರುತ್ತದೆ. ಅಲ್ಲಿಂದ ನೇರ ದಕ್ಷಿಣಕ್ಕೆ ಹೊರಟರೆ ದಕ್ಷಿಣ ಧ್ರುವದ ಕಡೆಗಿನ ದಾರಿಯಲ್ಲಿ ನೆಲವೇ ಅಡ್ಡ ಬರುವುದಿಲ್ಲ ಎಂದು ಮಕ್ಕಳು ಕೇಳಿಕೊಂಡು ಬಂದಿದ್ದರು. ಒಂದು ದಾರದ ತುದಿಯನ್ನು ಸೋಮನಾಥದ ಮೇಲೆ ಒತ್ತಿ ಹಿಡಿದು, 70 ಡಿಗ್ರಿ ಗೆರೆಯ ಪಕ್ಕದಲ್ಲೇ ಕೆಳಕ್ಕೆ ಬಿಗಿದೆವು. ಲಕ್ಷದ್ವೀಪ, ಮಾಲ್ಡೀವ್ಸ್ ಪೂರ್ವಕ್ಕೆ ಉಳಿದವು. ಮಾರಿಷಸ್ ಪಶ್ಚಿಮಕ್ಕೆ ಉಳಿಯಿತು. ಸುಮಾರು 70 ಡಿಗ್ರಿ ಅಕ್ಷಾಂಶದಷ್ಟು ದೂರ ಬರೀ ನೀಲಿ. ಕೊನೆಗೆ ದಾರ ಆ ಹೆಸರುಕಾಳಿನ ಬಲ ಅಂಚಿಗೆ ತಾಗಿತು. ಸೋಮನಾಥ ಇರುವುದು 70.4 ಡಿಗ್ರಿಯಲ್ಲಿ, ಕೂರ್ಬೆ ಪರ್ಯಾಯ ದ್ವೀಪ ಚಾಚಿರುವುದು 70.5 ಡಿಗ್ರಿಯವರೆಗೆ. ಆ ಸ್ತಂಭದ ಮಾತನ್ನು ಬರೆದವರು ಎಂಥ ವಿಶಾಲವಾದ ಕಡಲನ್ನು ಊಹಿಸಿಕೊಂಡಿದ್ದರು ಎಂಬುದಕ್ಕೆ ನಾನು ತಲೆಬಾಗುತ್ತೇನೆ. ಆ ಕಡಲಿನ ಕೊನೆಯಲ್ಲಿ ಒಂದು ನೆಲವಿದೆ ಎಂಬುದನ್ನೂ ಮಕ್ಕಳು ತಮ್ಮ ಕೈಯಾರೆ ಕಂಡುಕೊಂಡರು.

ಆಮೇಲೆ ತುಮಕೂರಿನಿಂದ ದಾರ ಹಿಡಿದು ಅಳೆದರು. ಹದಿನಾರೂವರೆ ಸೆಂಟಿಮೀಟರ್, ಎಂದರೆ 7,000 ಕಿ.ಮೀ. ದ್ವೀಪಸಮೂಹದ ಒಟ್ಟು ವಿಸ್ತೀರ್ಣ ಸುಮಾರು 7,200 ಚದರ ಕಿ.ಮೀ.; ನಮ್ಮ ಜಿಲ್ಲೆಯನ್ನು ಮೂರು ಪಾಲು ಮಾಡಿ ಎರಡು ಪಾಲು ತೆಗೆದುಕೊಂಡಷ್ಟು. ನಮ್ಮ ಜಿಲ್ಲೆಯಲ್ಲಿ 2011ರ ಜನಗಣತಿಯಂತೆ ಸುಮಾರು 26.8 ಲಕ್ಷ ಜನ; ಅಲ್ಲಿ ಚಳಿಗಾಲದಲ್ಲಿ 45 ಜನ, ಬೇಸಿಗೆಯಲ್ಲಿ ನೂರರ ಆಸುಪಾಸು, ಅವರಲ್ಲಿ ಯಾರೂ ಅಲ್ಲಿಯೇ ಹುಟ್ಟಿ ಬೆಳೆದವರಲ್ಲ. ಅಲ್ಲಿಯ ಅತಿ ಎತ್ತರದ ಶಿಖರ ಮೌಂಟ್ ರಾಸ್ 1,850 ಮೀಟರ್, ನಮ್ಮ ಮುಳ್ಳಯ್ಯನಗಿರಿಗಿಂತ ಸ್ವಲ್ಪವೇ ಗಿಡ್ಡ. ಆದರೂ 1975ರವರೆಗೆ ಅದರ ನೆತ್ತಿಯನ್ನು ಯಾರೂ ಮುಟ್ಟಿರಲಿಲ್ಲ. ಗಡಿಯಾರದಲ್ಲಿ ಮಾತ್ರ ಅವರು ನಮಗೆ ಬಹಳ ಹತ್ತಿರ: ನಮಗಿಂತ ಅರ್ಧ ಗಂಟೆ ಹಿಂದೆ, ಅಷ್ಟೇ. ನಮ್ಮ ಶಾಲೆಯ ಮಧ್ಯಾಹ್ನದ ಊಟದ ಗಂಟೆ ಬಾರಿಸಿದ ಅರ್ಧ ಗಂಟೆಗೆ ಅಲ್ಲಿಯೂ ಅದೇ ಹೊತ್ತಾಗುತ್ತದೆ.

ಈ ಗ್ಲೋಬಿನ ತಯಾರಕರು ಬ್ರಿಟಿಷ್ ನಾವಿಕ ಕ್ಯಾಪ್ಟನ್ ಜೇಮ್ಸ್ ಕುಕ್‌ನ ಮೂರು ಯಾನಗಳನ್ನು ಮೂರು ಬಗೆಯ ಚುಕ್ಕೆಗೆರೆಗಳಲ್ಲಿ ತೋರಿಸಿದ್ದಾರೆ. ಒಳ್ಳೆಯ ಯೋಚನೆ. ಮೂರನೆಯ ಯಾನದ ಗೆರೆ ಆಫ್ರಿಕಾದ ತುದಿಯಿಂದ ಹೊರಟು ಕೆರ್ಗೆಲೆನ್ ಪಕ್ಕದಲ್ಲಿ ಹಾದು ಟಾಸ್ಮೇನಿಯಾಕ್ಕೆ ಹೋಗುತ್ತದೆ. ಆದರೆ ಅಲ್ಲಿ ಇಸವಿಯನ್ನು ಬರೆದಿಲ್ಲ, ಆ ದ್ವೀಪದಲ್ಲಿ ಅವನು ಇಳಿದ ಎಂಬ ಗುರುತೂ ಇಲ್ಲ. ಇದು ನನಗೆ ದೊಡ್ಡ ಕೊರತೆಯಾಗಿ ಕಂಡಿತು, ಏಕೆಂದರೆ ಈ ದ್ವೀಪದ ಇತಿಹಾಸದ ಮರೆಯಲಾಗದ ಘಟನೆ ನಡೆದದ್ದೇ ಆ ನಿಲುಗಡೆಯಲ್ಲಿ.

ದ್ವೀಪಕ್ಕೆ ಹೆಸರು ಬಂದದ್ದು ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದ ನಾವಿಕ ಈವ್ ಜೋಸೆಫ್ ದ ಕೆರ್ಗೆಲೆನ್‌ನಿಂದ. ದಕ್ಷಿಣದಲ್ಲಿ ಸಂಪದ್ಭರಿತವಾದ ಮಹಾಖಂಡವೊಂದು ಇರಲೇಬೇಕು ಎಂದು ಯುರೋಪು ನಂಬಿದ್ದ ಕಾಲ ಅದು. 1772ರ ಫೆಬ್ರುವರಿ 12ರಂದು ಅವನು ಮಂಜಿನ ನಡುವೆ ಈ ನೆಲವನ್ನು ಕಂಡ. ಜೊತೆಗಿದ್ದ ಇನ್ನೊಂದು ಹಡಗಿನವರು ದೋಣಿಯಲ್ಲಿ ಹೋಗಿ ದಡಕ್ಕೆ ಕಾಲಿಟ್ಟು ಅದು ಫ್ರಾನ್ಸಿನದು ಎಂದು ಘೋಷಿಸಿದರು. ಕೆರ್ಗೆಲೆನ್ ತಾನು ಇಳಿಯಲಿಲ್ಲ, ಆ ಹಡಗಿಗಾಗಿ ಕಾಯಲೂ ಇಲ್ಲ. ಊರಿಗೆ ಮರಳಿ ದೊರೆ 15ನೆಯ ಲೂಯಿಗೆ, ತಾನು ದಕ್ಷಿಣದ ಫ್ರಾನ್ಸನ್ನೇ ಕಂಡು ಬಂದೆ, ಅಲ್ಲಿ ಬೆಳೆ ಬರುತ್ತದೆ, ಖನಿಜ ಸಿಗುತ್ತದೆ ಎಂಬಂತೆ ವರದಿ ಕೊಟ್ಟ. ಮತ್ತೆ ಹಡಗುಗಳನ್ನು ಕೊಟ್ಟು ಕಳಿಸಿದರು. ಎರಡನೆಯ ಸಲವೂ ಅವನು ಸ್ವತಃ ದಡ ಹತ್ತಲಿಲ್ಲ; 1774ರ ಜನವರಿಯಲ್ಲಿ ಅವನ ಕಡೆಯವರು ಉತ್ತರದ ಕೊಲ್ಲಿಯೊಂದರಲ್ಲಿ ಇಳಿದು, ಬಾಟಲಿಯೊಳಗೆ ಒಂದು ಪತ್ರವನ್ನು ಇಟ್ಟು ಬಂದರು. ಫ್ರಾನ್ಸಿಗೆ ವಾಪಸಾದ ಮೇಲೆ ವಿಚಾರಣೆ ನಡೆದು ಅವನಿಗೆ ಸೆರೆವಾಸವಾಯಿತು.

ಕುಕ್ ಬಂದದ್ದು 1776ರ ಕ್ರಿಸ್‌ಮಸ್ ದಿನ. ಆದ್ದರಿಂದಲೇ ಆ ಕೊಲ್ಲಿಗೆ ಕ್ರಿಸ್‌ಮಸ್ ಬಂದರು ಎಂದು ಹೆಸರಾಯಿತು. ಅವನ ಜನರಿಗೆ ಫ್ರೆಂಚರ ಆ ಬಾಟಲಿ ಸಿಕ್ಕಿತು. ಕುಕ್ ಅದೇ ಪತ್ರದಲ್ಲಿ ತನ್ನ ಹಡಗುಗಳ ಹೆಸರನ್ನೂ ಇಸವಿಯನ್ನೂ ಸೇರಿಸಿ ಬರೆದು ಮತ್ತೆ ಅಲ್ಲಿಯೇ ಇಡಿಸಿದ. ಮರವಿಲ್ಲದ, ಬೆಳೆಯಿಲ್ಲದ ಈ ನೆಲಕ್ಕೆ ‘ಪಾಳು ದ್ವೀಪ’ ಎನ್ನುವುದೇ ತಕ್ಕ ಹೆಸರಾದರೂ, ಕಂಡುಹಿಡಿದವನಿಗೆ ಸಲ್ಲಬೇಕಾದ ಗೌರವವನ್ನು ತಾನು ಕಸಿಯುವುದಿಲ್ಲ ಎಂಬ ಅರ್ಥದ ಮಾತನ್ನು ದಾಖಲಿಸಿದ. ತನ್ನ ದೇಶದಲ್ಲಿಯೇ ಮಾನ ಕಳೆದುಕೊಂಡಿದ್ದ ಮನುಷ್ಯನ ಹೆಸರನ್ನು ಪರದೇಶದ ನಾವಿಕನೊಬ್ಬ ನಕ್ಷೆಯಲ್ಲಿ ಉಳಿಸಿದ ಪ್ರಸಂಗವಿದು. ಇದನ್ನು ಹೇಳುವಾಗ ನನ್ನ ತರಗತಿಯಲ್ಲಿ ಸದ್ದೇ ಇರುವುದಿಲ್ಲ. ಗ್ಲೋಬಿನ ಚುಕ್ಕೆಗೆರೆಯ ಪಕ್ಕದಲ್ಲಿ 1776 ಎಂಬ ನಾಲ್ಕು ಅಂಕಿಗಳಿದ್ದಿದ್ದರೆ ನಾನು ಸಣ್ಣ ಚೀಟಿ ಅಂಟಿಸುವ ಅಗತ್ಯವಿರುತ್ತಿರಲಿಲ್ಲ.

ಇದಕ್ಕಿಂತ ಗಂಭೀರವಾದ ತಪ್ಪೊಂದಿದೆ. ಕೆರ್ಗೆಲೆನ್ ಎಂಬ ಹೆಸರನ್ನು ದ್ವೀಪದ ಆಗ್ನೇಯಕ್ಕೆ ಒಂದು ಸೆಂಟಿಮೀಟರ್ ಸರಿಸಿ ಅಚ್ಚು ಹಾಕಿದ್ದಾರೆ. ಒಂದು ಸೆಂಟಿಮೀಟರ್ ಎಂದರೆ ಸುಮಾರು 425 ಕಿ.ಮೀ.; ಸರಿಯಾಗಿ ಅಲ್ಲಿಯೇ ಹರ್ಡ್ ದ್ವೀಪವಿದೆ. ಹೆಸರಿನ ಅಕ್ಷರಗಳು ಹರ್ಡ್ ದ್ವೀಪವನ್ನು ಮುಚ್ಚಿಬಿಟ್ಟಿವೆ, ಅದರ ಹೆಸರಂತೂ ಎಲ್ಲಿಯೂ ಇಲ್ಲ. ಹರ್ಡ್ ದ್ವೀಪ ಫ್ರಾನ್ಸಿನದಲ್ಲ. 1947ರಲ್ಲಿ ಬ್ರಿಟನ್ನಿನಿಂದ ಆಸ್ಟ್ರೇಲಿಯಾಕ್ಕೆ ಬಂದದ್ದು. ಅಲ್ಲಿಯ ಜೀವಂತ ಜ್ವಾಲಾಮುಖಿಯ ನೆತ್ತಿ, ಮಾಸನ್ ಶಿಖರ, 2,745 ಮೀಟರ್ ಎತ್ತರವಿದ್ದು, ಆಸ್ಟ್ರೇಲಿಯಾದ ಮುಖ್ಯಭೂಮಿಯ ಯಾವ ಬೆಟ್ಟಕ್ಕಿಂತಲೂ ದೊಡ್ಡದು. ಅಂಥದ್ದನ್ನು ಅಕ್ಷರದಡಿ ಹೂತುಹಾಕಿದ್ದು ಸರಿಯಲ್ಲ. ಪೆಟ್ಟಿಗೆಯ ಮೇಲಿದ್ದ ವಿಳಾಸಕ್ಕೆ ಎರಡು ಸಲ ವಿವರವಾಗಿ ಬರೆದೆ. ತಯಾರಕರಿಂದ ಇದುವರೆಗೆ ಉತ್ತರ ಬಂದಿಲ್ಲ.

ಇನ್ನು ದೀಪ ಹಾಕಿದ ಮುಖ. ಈ ಗ್ಲೋಬನ್ನು ನಾನು ಆರಿಸಿದ್ದು ಇದಕ್ಕಾಗಿ. ಎಷ್ಟು ಸಲ ನೋಡಿದರೂ ನನಗೆ ಸಾಕೆನಿಸಿಲ್ಲ.

ತರಗತಿಯ ಕಿಟಕಿಗಳನ್ನು ಮುಚ್ಚಿ ಸ್ವಿಚ್ ಹಾಕಿದಾಗ, ಹೆಸರುಕಾಳಿನಷ್ಟಿದ್ದ ದ್ವೀಪದ ಸುತ್ತ ತಿಳಿನೀಲಿಯ ದೊಡ್ಡ ಆಕಾರವೊಂದು ನಿಧಾನವಾಗಿ ಬೆಳಗುತ್ತದೆ. ವಾಯವ್ಯದಿಂದ ಆಗ್ನೇಯಕ್ಕೆ, ಅಂಟಾರ್ಕ್ಟಿಕಾದ ಕಡೆಗೆ, ಐದು ಸೆಂಟಿಮೀಟರ್ ಉದ್ದಕ್ಕೆ ಅದು ಮಲಗಿದೆ. ಅದೇ ಕೆರ್ಗೆಲೆನ್ ಪ್ರಸ್ಥಭೂಮಿ: 2,000 ಕಿ.ಮೀ.ಗಿಂತ ಉದ್ದವಾದ, ಭಾರತದ ವಿಸ್ತೀರ್ಣದ ಮೂರನೆಯ ಒಂದು ಪಾಲನ್ನು ಮೀರುವ, ಲಾವಾ ಹರಿದು ಹರಿದು ಕಟ್ಟಿದ ಮುಳುಗಿದ ನೆಲ. ನಾವು ನಕ್ಷೆಯಲ್ಲಿ ಕಾಣುವ ಕೆರ್ಗೆಲೆನ್ ಮತ್ತು ಹರ್ಡ್ ದ್ವೀಪಗಳು ಈ ನೆಲದ, ನೀರಿನಿಂದ ಮೇಲೆ ಉಳಿದಿರುವ ತುದಿಗಳು ಮಾತ್ರ.

ಈಗ ಕಣ್ಣನ್ನು ಈಶಾನ್ಯಕ್ಕೆ ಸರಿಸಬೇಕು. ಪೂರ್ವ ರೇಖಾಂಶ 90 ಡಿಗ್ರಿಯ ಗೆರೆಯ ಮೇಲೆ, ಅಳತೆಪಟ್ಟಿ ಇಟ್ಟು ಎಳೆದಂತೆ ನೆಟ್ಟಗೆ, ಒಂದು ತಿಳಿ ಏಣು, ಎಂದರೆ ಸಾಗರತಳದ ಉದ್ದನೆಯ ಬೆಟ್ಟಸಾಲು, ದಕ್ಷಿಣದಿಂದ ಬಂಗಾಳ ಕೊಲ್ಲಿಯವರೆಗೆ ಏರುತ್ತದೆ. ಇದನ್ನು ‘ನೈಂಟಿ ಈಸ್ಟ್ ರಿಡ್ಜ್’ ಎನ್ನುತ್ತಾರೆ. ಉದ್ದ ಸುಮಾರು 5,000 ಕಿ.ಮೀ., ಗ್ಲೋಬಿನಲ್ಲಿ ಹನ್ನೆರಡು ಸೆಂಟಿಮೀಟರ್ ಹತ್ತಿರ. ಉತ್ತರದ ಕೊನೆಯಲ್ಲಿ ಅದು ಗಂಗೆ, ಬ್ರಹ್ಮಪುತ್ರೆಗಳು ತಂದು ಸುರಿದ ಹೂಳಿನಡಿ ಮಾಯವಾಗುತ್ತದೆ. ಆ ಗೆರೆಯ ಜೊತೆಗೇ ಉತ್ತರಕ್ಕೆ ಹೋಗಿ ಸ್ವಲ್ಪ ಪಶ್ಚಿಮಕ್ಕೆ ನೋಡಿದರೆ ಝಾರ್ಖಂಡದ ರಾಜಮಹಲ್ ಬೆಟ್ಟಗಳು. ಆ ಬೆಟ್ಟಗಳ ಕರಿಕಲ್ಲು ಸುಮಾರು 11.8 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ಅದನ್ನು ಕಾರಿದ ಒಲೆಯೂ ಕೆರ್ಗೆಲೆನ್ ಪ್ರಸ್ಥಭೂಮಿಯನ್ನು ಕಟ್ಟಿದ ಒಲೆಯೂ ಒಂದೇ ಎಂದು ಭೂವಿಜ್ಞಾನಿಗಳು ಹೇಳುತ್ತಾರೆ.

ಇದನ್ನು ಮಕ್ಕಳಿಗೆ ತಿಳಿಸಲು ನಾನು ಒಂದು ಊದುಬತ್ತಿಯನ್ನು ಹಚ್ಚಿ ನೆಟ್ಟಗೆ ನಿಲ್ಲಿಸಿ, ಅದರ ತುದಿಯ ಮೇಲೆ ಒಂದು ಹಾಳೆಯನ್ನು ಹಿಡಿದು, ಸ್ವಲ್ಪ ಸ್ವಲ್ಪವೇ ನನ್ನಿಂದ ದೂರಕ್ಕೆ ತಳ್ಳುತ್ತೇನೆ. ಊದುಬತ್ತಿ ಕದಲುವುದಿಲ್ಲ, ಹಾಳೆ ಸರಿಯುತ್ತದೆ, ಹಾಳೆಯ ಮೇಲೆ ಸುಟ್ಟ ಕಲೆಗಳ ಸಾಲು ಬೀಳುತ್ತದೆ. ಮೊದಲು ಸುಟ್ಟ ಕಲೆ ಎಲ್ಲಕ್ಕಿಂತ ಮುಂದೆ, ಕೊನೆಯದು ನನ್ನ ಹತ್ತಿರ. ಭೂಮಿಯ ಆಳದಿಂದ ಶಿಲಾಪಾಕ ಉಕ್ಕಿದ ತಾಣ ಊದುಬತ್ತಿಯಂತೆ, ಭಾರತವನ್ನು ಹೊತ್ತ ಭೂಫಲಕ ಆ ಹಾಳೆಯಂತೆ. ಭಾರತ ಉತ್ತರಕ್ಕೆ ಓಡಿದಂತೆಲ್ಲ, ಒಂದು ಕಾಲದಲ್ಲಿ ವರ್ಷಕ್ಕೆ 15 ಸೆಂ.ಮೀ.ಗಿಂತಲೂ ಹೆಚ್ಚು ವೇಗದಲ್ಲಿ, ಅದರ ಹಿಂದೆ ಲಾವಾದ ಕಲೆಗಳ ಸಾಲು ಬಿದ್ದು ಆ ಏಣಾಯಿತು. ಸಾಗರದ ತಳವನ್ನು ಕೊರೆದು ತೆಗೆದ ಕಲ್ಲುಗಳು ಇದಕ್ಕೆ ಸಾಕ್ಷಿ: ಉತ್ತರದ ತುದಿಯ ಕಲ್ಲು ಸುಮಾರು 8 ಕೋಟಿ ವರ್ಷದ್ದು, ದಕ್ಷಿಣಕ್ಕೆ ಬಂದಷ್ಟೂ ಎಳೆಯದಾಗುತ್ತಾ ಸುಮಾರು 4 ಕೋಟಿ ವರ್ಷಕ್ಕೆ ಇಳಿಯುತ್ತದೆ. ಹಾಗಾದರೆ ಏಣಿನ ಬುಡಕ್ಕೂ ಕೆರ್ಗೆಲೆನ್‌ಗೂ ನಡುವೆ ಇಷ್ಟು ದೊಡ್ಡ ತೆರವು ಏಕೆ ಎಂದು ಮಕ್ಕಳು ಕೇಳುತ್ತಾರೆ, ಕೇಳಲೇಬೇಕು. ಗ್ಲೋಬಿನಲ್ಲಿಯೇ ಉತ್ತರವಿದೆ: ಆ ತೆರವಿನ ನಡುವೆ ಹಾದುಹೋಗುವ ಆಗ್ನೇಯ ಹಿಂದೂ ಮಹಾಸಾಗರದ ಏಣಿನಲ್ಲಿ ಹೊಸ ಸಾಗರತಳ ಹುಟ್ಟುತ್ತಾ, ಸುಮಾರು 4 ಕೋಟಿ ವರ್ಷಗಳಿಂದ ಎರಡು ಕಡೆಯ ನೆಲವನ್ನೂ ದೂರ ತಳ್ಳುತ್ತಿದೆ. ಈ ತಯಾರಕರು ಆ ಏಣನ್ನೂ ನಡುವಿನ ಸೀಳಿನ ಸಮೇತ ತೋರಿಸಿದ್ದಾರೆ. ಈ ಬೆಲೆಯ ಗ್ಲೋಬಿನಲ್ಲಿ ಇಷ್ಟು ಸೂಕ್ಷ್ಮವನ್ನು ನಾನು ನಿರೀಕ್ಷಿಸಿರಲಿಲ್ಲ, ಮನಸಾರೆ ಮೆಚ್ಚುತ್ತೇನೆ.

ಇನ್ನೂ ಒಂದು ವಿವರವಿದೆ. ಪ್ರಸ್ಥಭೂಮಿಯ ಪಶ್ಚಿಮಕ್ಕೆ ಹೆಬ್ಬೆರಳಿನಂತೆ ಚಾಚಿದ ಒಂದು ಭಾಗ ಕಾಣುತ್ತದೆ, ಎಲಾನ್ ಬ್ಯಾಂಕ್. 1998ರ ಡಿಸೆಂಬರ್‌ನಿಂದ 1999ರ ಫೆಬ್ರುವರಿಯವರೆಗೆ ‘ಜಾಯ್ಡಿಸ್ ರೆಸಲ್ಯೂಷನ್’ ಎಂಬ ಕೊರೆಯುವ ಹಡಗು ಇಲ್ಲಿ ಕೆಲಸ ಮಾಡಿ, ಲಾವಾದ ಪದರಗಳ ನಡುವೆ ಹೊಳೆಯೊಂದು ಉರುಳಿಸಿ ತಂದ, ಖಂಡಗಳ ಹಳೆಯ ಶಿಲೆಯಾದ ನೈಸ್ ಕಲ್ಲಿನ ಗುಂಡುಗಳನ್ನು ಹೊರತೆಗೆಯಿತು. ಅವು ಪೂರ್ವ ಭಾರತದ ಶಿಲೆಗಳನ್ನು ಹೋಲುತ್ತವೆ. ಖಂಡಗಳು ಬೇರೆಯಾಗುವಾಗ ಭಾರತದ ಒಂದು ಚೂರು ಅಲ್ಲಿಯೇ ಉಳಿದುಹೋಯಿತು. ಆ ಹಡಗಿಗೆ ಹೆಸರು ಬಂದದ್ದು ಕುಕ್‌ನ ಹಡಗು ‘ರೆಸಲ್ಯೂಷನ್’ನಿಂದ, 1776ರಲ್ಲಿ ಕ್ರಿಸ್‌ಮಸ್ ಬಂದರಿನಲ್ಲಿ ಲಂಗರು ಹಾಕಿದ್ದ ಅದೇ ಹಡಗಿನಿಂದ. ನಮ್ಮ ದೇವರಾಯನದುರ್ಗದ, ಮಧುಗಿರಿಯ ಬಂಡೆ ಸುಮಾರು 250 ಕೋಟಿ ವರ್ಷ ಹಳೆಯದು. ಕೆರ್ಗೆಲೆನ್ ದ್ವೀಪದ ಮೇಲೆ ಇಂದು ಕಾಣುವ ಲಾವಾದ ಬಹುಭಾಗ 3 ಕೋಟಿ ವರ್ಷಕ್ಕಿಂತ ಎಳೆಯದು. ಮಧುಗಿರಿ ಬೆಟ್ಟ ಹತ್ತಿ ಬಂದ ಮಗುವಿಗೆ, ನೀನು ಕಾಲಿಟ್ಟ ಬಂಡೆ ಈ ಎಲ್ಲ ದಾರಿಯನ್ನೂ ದಾಟಿ ಬಂದಿದೆ ಎಂದು ಹೇಳಿ ಗ್ಲೋಬಿನ ಮೇಲೆ ದಾರಿಯನ್ನೇ ತೋರಿಸಲು ಸಾಧ್ಯವಾದದ್ದು ನನ್ನ ಇಪ್ಪತ್ತು ವರ್ಷದ ಕೆಲಸದಲ್ಲಿ ಇದೇ ಮೊದಲು.

ಈ ದೀಪದ ಮುಖದ ದೋಷವನ್ನೂ ಹೇಳಬೇಕು. ಹೊರಪದರದ ಭೂಪಟವೂ ಒಳಪದರದ ಭೂಪಟವೂ ಒಂದರ ಮೇಲೊಂದು ಸರಿಯಾಗಿ ಕೂರಬೇಕು. ನಾವು ಮೊದಲು ತಂದ ಗ್ಲೋಬಿನಲ್ಲಿ ಎರಡಕ್ಕೂ ಎರಡು ಮಿಲಿಮೀಟರ್ ಅಂತರವಿತ್ತು. ಭಾರತದಲ್ಲಿ ಅದು ಕರಾವಳಿಗೆ ಒಂದು ಮಸುಕು ಅಂಚು ಬಂದಂತೆ ಕಂಡು, ಯಾರ ಗಮನಕ್ಕೂ ಬಾರದೆ ಹೋಗುತ್ತಿತ್ತು. ಕೆರ್ಗೆಲೆನ್‌ನಲ್ಲಿ ಮಾತ್ರ ಒಂದು ದ್ವೀಪ ಎರಡಾಗಿತ್ತು, 85 ಕಿ.ಮೀ. ದೂರದಲ್ಲಿ ಅದರ ಜೋಡಿ ತೇಲುತ್ತಿತ್ತು. ಅಂಗಡಿಯಲ್ಲಿ ಟ್ಯೂಬ್‌ಲೈಟಿನ ಬೆಳಕಿಗೆ ಇದು ಗೊತ್ತಾಗಿರಲಿಲ್ಲ. ವಾಪಸು ಒಯ್ದಾಗ ಅಂಗಡಿಯ ಯಜಮಾನರು ಒಂದು ಮಾತೂ ಎದುರಾಡದೆ, ವಾರದೊಳಗೆ ಬೇರೆ ತರಿಸಿಕೊಟ್ಟರು. ಎರಡನೆಯದರಲ್ಲಿ ಅಂತರ ಅರ್ಧ ಮಿಲಿಮೀಟರ್ ಇದ್ದೀತು, ಅಷ್ಟನ್ನು ಒಪ್ಪಿಕೊಳ್ಳಬಹುದು.

ಜೊತೆಗೆ ಬರುವ ಹದಿನಾರು ಪುಟದ ಕಿರುಪುಸ್ತಕ ತೀರಾ ಸಪ್ಪೆ. ರಾಜಧಾನಿಗಳ ಪಟ್ಟಿ, ಜನಸಂಖ್ಯೆಯ ಪಟ್ಟಿ, ಅಷ್ಟೇ. ಗ್ಲೋಬು ತೋರಿಸಲಾಗದ್ದನ್ನು ಹೇಳುವುದಕ್ಕಲ್ಲವೇ ಪುಸ್ತಕವಿರಬೇಕಾದದ್ದು? ಗಾಳಿಯನ್ನು ಗ್ಲೋಬಿನಲ್ಲಿ ತೋರಿಸಲಾಗದು. ಕೆರ್ಗೆಲೆನ್‌ನಲ್ಲಿ ಪಶ್ಚಿಮದ ಗಾಳಿಗೆ ಸಾವಿರಾರು ಕಿ.ಮೀ. ಅಡ್ಡ ನಿಲ್ಲುವ ನೆಲವೇ ಇಲ್ಲದ ಕಾರಣ, ಅದು ಗಂಟೆಗೆ ಸರಾಸರಿ 35 ಕಿ.ಮೀ. ವೇಗದಲ್ಲಿ ವರ್ಷವಿಡೀ ಬೀಸುತ್ತದೆ. ಬಿರುಸಾದಾಗ 150 ಕಿ.ಮೀ. ದಾಟುತ್ತದೆ. ಮರ ಬೆಳೆಯುವುದಿಲ್ಲ. ಅಲ್ಲಿಯ ಒಂದು ಜಾತಿಯ ನೊಣಕ್ಕೆ ರೆಕ್ಕೆಯಿಲ್ಲ. ರೆಕ್ಕೆ ಬಿಚ್ಚಿದರೆ ಗಾಳಿ ಅದನ್ನು ಕಡಲಿಗೇ ಒಯ್ಯುವ ಕಡೆ ನೆಲಕ್ಕೆ ಅಂಟಿಕೊಂಡೇ ಬಾಳುತ್ತದೆ. ಆ ನೊಣ ನೆಲೆಸುವುದು ಕೆರ್ಗೆಲೆನ್ ಕೋಸಿನ ಬುಡದಲ್ಲಿ. ನಮ್ಮ ಸಾಸಿವೆ, ಎಲೆಕೋಸುಗಳ ಬಳಗದ ಈ ಗಿಡ ಪರಾಗಸ್ಪರ್ಶಕ್ಕೆ ಹಾರುವ ಕೀಟಗಳಿಲ್ಲದ್ದರಿಂದ ಗಾಳಿಯನ್ನೇ ನಂಬಿಕೊಂಡಿದೆ. ಸ್ಕರ್ವಿ ರೋಗಕ್ಕೆ ತುತ್ತಾಗುತ್ತಿದ್ದ ನಾವಿಕರಿಗೆ ಇದೇ ಔಷಧ. 1840ರಲ್ಲಿ ಜೇಮ್ಸ್ ರಾಸ್‌ನ ಯಾನದಲ್ಲಿ ಬಂದಿದ್ದ ಸಸ್ಯವಿಜ್ಞಾನಿ ಜೋಸೆಫ್ ಹುಕರ್ ಇದನ್ನು ವಿವರವಾಗಿ ದಾಖಲಿಸಿದ, ಹಡಗಿನವರೆಲ್ಲ ಬೇಯಿಸಿ ತಿಂದರು.

ಮುಂದೆ 1874ರ ಡಿಸೆಂಬರ್ 9ರಂದು ಸೂರ್ಯಬಿಂಬದ ಮೇಲೆ ಶುಕ್ರಗ್ರಹ ಹಾದುಹೋಗುವುದನ್ನು ನೋಡಲು ಬ್ರಿಟಿಷರು, ಅಮೆರಿಕನ್ನರು, ಜರ್ಮನರು ಮೂರು ತಂಡಗಳಾಗಿ ಈ ದ್ವೀಪಕ್ಕೆ ಬಂದರು. ಒಂದೇ ಸಂಕ್ರಮಣವನ್ನು ಭೂಮಿಯ ದೂರದೂರದ ಜಾಗಗಳಿಂದ ನೋಡಿ, ಕಂಡ ವ್ಯತ್ಯಾಸದಿಂದ ಸೂರ್ಯನ ದೂರವನ್ನು ಲೆಕ್ಕ ಹಾಕುವುದು ಉದ್ದೇಶ. ಅದೇ ದಿನ ಅದೇ ಸಂಕ್ರಮಣ ಭಾರತದಲ್ಲಿಯೂ ಕಂಡಿತ್ತು. ಆ ಬ್ರಿಟಿಷ್ ತಂಡವೇ, ಮುಂದೆ ಬರುವವರಿಗೆ ಆಹಾರವಾಗಲೆಂದು, ಮೊಲಗಳನ್ನು ತಂದು ಬಿಟ್ಟಿತು. ಮೊಲಗಳು ಮುಖ್ಯ ದ್ವೀಪದ ಕೋಸನ್ನು ಬುಡಸಮೇತ ತಿಂದವು. ಇಂದು ಆ ಗಿಡ ಹುಲುಸಾಗಿ ಕಾಣಸಿಗುವುದು ಮೊಲ ಮುಟ್ಟದ ಸಣ್ಣ ದ್ವೀಪಗಳಲ್ಲಿ. ಸೂರ್ಯನ ದೂರವನ್ನು ಅಳೆಯಲು ಬಂದವರ ಕೈಯಲ್ಲಿ ಇದು ಆಯಿತಲ್ಲ ಎಂದು ನನಗೆ ಇಂದಿಗೂ ಸಂಕಟವಾಗುತ್ತದೆ.

ಸೀಲ್ ಬೇಟೆಗಾರರು ಬಂದು ಹೋದರು, ತಿಮಿಂಗಿಲ ಬೇಟೆಯ ನೆಲೆಯೊಂದು 1908ರಿಂದ ಕೆಲವು ವರ್ಷ ನಡೆದು ನಿಂತಿತು. 1893ರಲ್ಲಿ ಫ್ರಾನ್ಸು ಈ ದ್ವೀಪಗಳನ್ನು ಬಾಸಿಯೇರ್ ಸಹೋದರರಿಗೆ 50 ವರ್ಷದ ಗುತ್ತಿಗೆಗೆ ಕೊಟ್ಟಿತು; ಅವರು ಪೋರ್ ಕೂವ್ರೋ ಎಂಬಲ್ಲಿ ಕುರಿ ಸಾಕಣೆಗೆ ಕೈಹಾಕಿ, 1931ರ ಹೊತ್ತಿಗೆ ಕೈಬಿಡಬೇಕಾಯಿತು. ಸಿರಾ, ಪಾವಗಡದ ಕಡೆ ಕುರಿ ಸಾಕುವ ಮನೆಗಳಿಂದ ಬಂದ ಮಕ್ಕಳಿಗೆ ಇದರ ಕಾರಣವನ್ನು ನಾನು ವಿವರಿಸಬೇಕಾಗಲಿಲ್ಲ. ತಂಡಿ, ಗಾಳಿ, ಒದ್ದೆ ನೆಲದಲ್ಲಿ ಕುರಿ ನಿಲ್ಲುವುದಿಲ್ಲ, ಮರಿಗಳಂತೂ ಉಳಿಯುವುದಿಲ್ಲ ಎಂದು ಅವರೇ ನನಗೆ ಹೇಳಿದರು. 1950ರಲ್ಲಿ ಪೋರ್ ಓ ಫ್ರಾನ್ಸೇ ಎಂಬ ಸಂಶೋಧನಾ ನೆಲೆ ಶುರುವಾಯಿತು. ಅಲ್ಲಿ ವಿಮಾನ ನಿಲ್ದಾಣವಿಲ್ಲ. ಸುಮಾರು 3,400 ಕಿ.ಮೀ. ದೂರದ ರೀಯೂನಿಯನ್ ದ್ವೀಪದಿಂದ ‘ಮಾರಿಯಾನ್ ದ್ಯುಫ್ರೇನ್’ ಎಂಬ ಹಡಗು ವರ್ಷಕ್ಕೆ ಕೆಲವೇ ಸಲ ಜನರನ್ನೂ ಸಾಮಾನನ್ನೂ ತರುತ್ತದೆ. ಅಲ್ಲೊಂದು ಪುಟ್ಟ ಇಗರ್ಜಿಯಿದೆ, ಹೆಸರು ‘ಗಾಳಿಗಳ ಮಾತೆ’. 2019ರಲ್ಲಿ ಯುನೆಸ್ಕೋ ಈ ದ್ವೀಪಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಗ್ಲೋಬಿನ ದೀಪದ ಮುಖದಲ್ಲಿ ದ್ವೀಪದ ಪಶ್ಚಿಮಕ್ಕೆ ಸೂಜಿಮೊನೆಯಷ್ಟು ಬಿಳಿ ಇದೆ. ಅದು ಕುಕ್ ಹಿಮರಾಶಿ. 1963ರಲ್ಲಿ ಸುಮಾರು 500 ಚದರ ಕಿ.ಮೀ. ಇದ್ದದ್ದು 2001ರ ಹೊತ್ತಿಗೆ 400ಕ್ಕೆ ಇಳಿದಿತ್ತು. ಆ ಬಿಳಿಯನ್ನು ತಯಾರಕರು ಬಿಡದೆ ಅಚ್ಚು ಹಾಕಿದ್ದಾರೆ, ಅದಕ್ಕೆ ಪೂರ್ತಿ ಅಂಕ.

ಉಳಿದಂತೆ, ಸ್ಟ್ಯಾಂಡ್ ಗಟ್ಟಿಯಾಗಿದೆ, ಅಕ್ಷದ ಓರೆ 23.5 ಡಿಗ್ರಿ ಸರಿಯಾಗಿದೆ. ಎಲ್‌ಇಡಿ ಬಲ್ಬ್ ಆದ್ದರಿಂದ ಬಿಸಿಯಾಗುವುದಿಲ್ಲ, ಆರು ತಿಂಗಳಲ್ಲಿ ಒಮ್ಮೆಯೂ ಕೆಟ್ಟಿಲ್ಲ. ವೈರ್ ಗಿಡ್ಡವಾಗಿದೆ, ನಾವು ಎಕ್ಸ್‌ಟೆನ್ಷನ್ ಬೋರ್ಡ್ ಇಟ್ಟುಕೊಂಡಿದ್ದೇವೆ. ಕರೆಂಟು ಹೋದರೆ ಪಾಠ ನಿಲ್ಲುತ್ತದೆ. ಬ್ಯಾಟರಿಯ ವ್ಯವಸ್ಥೆ ಇದ್ದಿದ್ದರೆ ನಮ್ಮ ಕಡೆಯ ಹಳ್ಳಿ ಶಾಲೆಗಳಿಗೆ ಬಹಳ ಅನುಕೂಲವಾಗುತ್ತಿತ್ತು. ಮಕ್ಕಳ ಬೆರಳು ತಾಗಿ ತಾಗಿ ದಕ್ಷಿಣ ಹಿಂದೂ ಮಹಾಸಾಗರದ ಮೇಲೆ ಸ್ವಲ್ಪ ಮಸಿ ಹಿಡಿದಿತ್ತು, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಯಿತು, ಅಚ್ಚು ಅಳಿಸಲಿಲ್ಲ.

ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಹರ್ಡ್ ದ್ವೀಪದ ಹೆಸರನ್ನು ಸರಿಪಡಿಸಿದ ದಿನ ಇನ್ನೂ ಅರ್ಧ ಸೇರಿಸುತ್ತೇನೆ. ಕೊಳ್ಳುವವರು ಹಣ ಕೊಡುವ ಮೊದಲು ಅಂಗಡಿಯವರನ್ನು ಕೇಳಿ ಒಳಕೋಣೆಯ ಕತ್ತಲಿಗೆ ಒಯ್ದು ದೀಪ ಹಾಕಿ ನೋಡಿ. 70 ಡಿಗ್ರಿ ಗೆರೆ ಹಿಡಿದು ಕೆಳಗಿಳಿಯಿರಿ. ಅಲ್ಲಿ ಒಂದೇ ದ್ವೀಪ ಕಂಡರೆ ಕೊಳ್ಳಿ. ಎರಡು ಕಂಡರೆ ಬೇರೆ ಪೆಟ್ಟಿಗೆ ತೆಗೆಸಿ.